ಎತ್ತರ ಕೇಳಬೇಡಿ, ಮರ ಕೇಳಿ

ಮೊನ್ನೆ ಇಲ್ಲಿ ದೆಹಲಿಯಲ್ಲಿ ನಮ್ಮ ಕನ್ನಡದವರದ್ದೇ ಒಂದು ಗೃಹಪ್ರವೇಶದ ಊಟ. ಚಿತ್ರಾನ್ನ ಮುಗಿದು ಹೋಳಿಗೆ ಬರುವ ಹೊತ್ತಿಗೆ ಪಕ್ಕದ ಎಲೆಯವರು ಸುದ್ದಿ ಒಡೆದರು. “ಈ ಸಲ ಜನವರಿಯಲ್ಲಿ ಮಕ್ಕಳನ್ನು ಸ್ಕೀಯಿಂಗ್‌ಗೆ ಕರ್ಕೊಂಡು ಹೋಗ್ತಿದೀವಿ ಸಾರ್. ಗುಲ್ಮಾರ್ಗ್. ಸೀದಾ ಸೆಕೆಂಡ್ ಫೇಸ್. ಹದಿಮೂರು ಸಾವಿರ ಅಡಿ!” ಅಂದರು. ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, “ಅಲ್ಲಿ ಮರ ಇದೆಯಾ?” ಎಂದು ಕೇಳಿದೆ. ಇಡೀ ಪಂಕ್ತಿ ನಕ್ಕಿತು. “ಸ್ಕೀ ಮಾಡೋಕೆ ಹೋಗ್ತಿರೋದು ಸಾರ್, ಸೌದೆ ತರೋಕಲ್ಲ!”

ನಕ್ಕವರಿಗೆಲ್ಲ ಅಲ್ಲೇ ಉತ್ತರ ಕೊಡಬಹುದಿತ್ತು. ಹೋಳಿಗೆ ತಣ್ಣಗಾಗುತ್ತಿತ್ತು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಅರ್ಹತೆ ಹೇಳಿಬಿಡುತ್ತೇನೆ. ನಾನು ಬ್ಯಾಂಕಿನವನು. ಸಾಗರದ ಕಡೆಯವನು, ಬಿ.ಕಾಂ. ಮಾಡಿದವನು, 1998ರಿಂದ ದೆಹಲಿಯ ನೀರು ಕುಡಿಯುತ್ತಿರುವವನು. ಕ್ರೀಡಾಪಟು ಅಲ್ಲ (ನನ್ನ ಹೊಟ್ಟೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ). ನಲವತ್ತು ದಾಟುವ ಹೊತ್ತಿಗೆ ಎಲ್.ಟಿ.ಸಿ. ಮೇಲೆ ಉತ್ತರಾಖಂಡದ ಔಲಿಗೆ ಹೋಗಿ, ಏಳು ದಿನದ ಕೋರ್ಸಿನಲ್ಲಿ ಕಾಲೇಜು ಹುಡುಗರ ಮಧ್ಯೆ ಬಿದ್ದೂ ಬಿದ್ದೂ ಸ್ಕೀಯಿಂಗ್ ಕಲಿತೆ. ಅಂದಿನಿಂದ ಹೆಚ್ಚುಕಡಿಮೆ ಪ್ರತಿ ಚಳಿಗಾಲ ಒಂದು ವಾರದ ರಜೆ ಅದಕ್ಕೇ ಮೀಸಲು. ಇಷ್ಟು ವರ್ಷ ಬಿದ್ದವನಿಗೆ ಎಲ್ಲಿ ಬೀಳಬಾರದು ಅಂತಾದರೂ ಗೊತ್ತಿರುತ್ತದಲ್ಲ!

ಈಗ ವಿಷಯಕ್ಕೆ ಬರೋಣ. ಟ್ರಾವೆಲ್ ಏಜೆಂಟರ ಯಾವ ಕಾಗದ ತೆಗೆದರೂ ದೊಡ್ಡ ಅಕ್ಷರದಲ್ಲಿ ಇರುವುದು ಒಂದೇ ಸಂಖ್ಯೆ: ಎಷ್ಟು ಎತ್ತರ. ಗ್ರಾಹಕರಿಗೂ ಅದೇ ಬೇಕು. ಊರಿಗೆ ಹೋಗಿ ಹೇಳಿಕೊಳ್ಳಲು ಸಂಖ್ಯೆ ಸುಲಭ ನೋಡಿ. ಬ್ಯಾಂಕಿನಲ್ಲಿ ಇದನ್ನು ನಾನು ದಿನಾ ನೋಡುತ್ತೇನೆ. “ಅವರು ಫ್ಲ್ಯಾಟ್ ಎಂಟು ಪರ್ಸೆಂಟಿಗೆ ಕೊಡ್ತಾರೆ, ನೀವು ಹನ್ನೆರಡು ಅಂತೀರಲ್ಲ” ಎಂದು ಜಗಳಕ್ಕೇ ಬರುತ್ತಾರೆ. ಐದು ವರ್ಷದ ಸಾಲಕ್ಕೆ ಫ್ಲ್ಯಾಟ್ ಎಂಟು ಎಂದರೆ, ಬಾಕಿ ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದಾಗ ಹದಿನಾಲ್ಕರ ಹತ್ತಿರ ಬರುತ್ತದೆ. ಕಾಗದದ ಮೇಲಿನ ಸಂಖ್ಯೆ ಬೇರೆ, ಜೇಬಿಗೆ ಬೀಳುವ ಕತ್ತರಿ ಬೇರೆ. ಬೆಟ್ಟದ ಎತ್ತರವೂ ಹೀಗೇ ಒಂದು ಫ್ಲ್ಯಾಟ್ ರೇಟು.

ಹೇಗೆ ಅಂತೀರಾ? ಮೂರು ಊರುಗಳನ್ನು ನೋಡಿ. ಫ್ರಾನ್ಸಿನ ಆಲ್ಪ್ಸ್‌ನಲ್ಲಿರುವ ವಾಲ್ ತೊರಾನ್ಸ್ ಸುಮಾರು 2,300 ಮೀಟರಿನಲ್ಲಿದೆ. ಯುರೋಪಿನ ಅತಿ ಎತ್ತರದ ಸ್ಕೀ ಊರುಗಳಲ್ಲಿ ಒಂದು. ಅಲ್ಲಿ ಮರವೇ ಇಲ್ಲ ಅನ್ನಬೇಕು, ಊರಿಗೆ ಊರೇ ಬೋಳು ಬಿಳುಪು. ಅಮೆರಿಕದ ಕೊಲೊರಾಡೊದ ವಿಂಟರ್ ಪಾರ್ಕ್‌ನಲ್ಲಿ ಬೆಟ್ಟದ ಬುಡವೇ ಸುಮಾರು 2,740 ಮೀಟರ್. ಅಂದರೆ ಫ್ರಾನ್ಸಿನ ಆ ಬೋಳು ಊರಿಗಿಂತ ನಾನೂರು ಮೀಟರ್ ಮೇಲೆ. ಆದರೆ ಅಲ್ಲಿಂದಲೂ ಮೇಲಕ್ಕೆ, 3,400ರ ಆಸುಪಾಸಿನವರೆಗೆ ದಟ್ಟ ಕಾಡು! ನಮ್ಮ ಗುಲ್ಮಾರ್ಗ್ ಹುಲ್ಲುಗಾವಲು 2,650 ಮೀಟರಿನಲ್ಲಿದೆ, ಸುತ್ತಲೂ ಫರ್ ಮತ್ತು ಪೈನ್ ಮರಗಳು. ಗೊಂಡೋಲಾದ ಮೊದಲ ಹಂತ ಕೊಂಗ್ಡೂರಿಯವರೆಗೆ, ಸುಮಾರು 3,100 ಮೀಟರ್. ಅಲ್ಲಿಗೆ ಮರ ವಿರಳವಾಗುತ್ತಾ ಬರುತ್ತದೆ. ಎರಡನೇ ಹಂತ ಅಫರ್ವಾತ್ ಬೆಟ್ಟದ ಭುಜಕ್ಕೆ, ಸುಮಾರು 3,950 ಮೀಟರಿಗೆ ಒಯ್ದು ಬಿಡುತ್ತದೆ. ಅಲ್ಲಿ ಒಂದು ಕಡ್ಡಿಯೂ ಇಲ್ಲ.

ಯಾಕೆ ಹೀಗೆ? ಮರಕ್ಕೆ ಮೀಟರ್ ಲೆಕ್ಕ ಗೊತ್ತಿಲ್ಲ, ಬಿಸಿಲಿನ ಲೆಕ್ಕ ಗೊತ್ತು. ಬೆಳೆಯುವ ತಿಂಗಳುಗಳಲ್ಲಿ ಸರಾಸರಿ ಆರು ಡಿಗ್ರಿಯಷ್ಟಾದರೂ ಉಷ್ಣತೆ ಸಿಕ್ಕರೆ ಮರ ಬೆಳೆಯುತ್ತದೆ, ಇಲ್ಲವಾದರೆ ಅಲ್ಲಿಗೆ ನಿಲ್ಲುತ್ತದೆ. ಆ ನಿಲುಗಡೆಯನ್ನೇ ಮರದ ಗೆರೆ ಅನ್ನೋಣ. ಉತ್ತರಕ್ಕೆ ಹೋದಷ್ಟೂ ಈ ಗೆರೆ ಕೆಳಗಿಳಿಯುತ್ತದೆ. ವಾಲ್ ತೊರಾನ್ಸ್ 45 ಡಿಗ್ರಿ ಅಕ್ಷಾಂಶದಲ್ಲಿದೆ, ವಿಂಟರ್ ಪಾರ್ಕ್ ಹತ್ತಿರ ಹತ್ತಿರ 40ರಲ್ಲಿ, ಗುಲ್ಮಾರ್ಗ್ 34ರಲ್ಲಿ. ಅದಕ್ಕೇ ಆಲ್ಪ್ಸ್‌ನಲ್ಲಿ ಎರಡು ಸಾವಿರ ಮೀಟರ್ ದಾಟಿದ ಸ್ವಲ್ಪದರಲ್ಲೇ ಮುಗಿಯುವ ಕಾಡು ಕೊಲೊರಾಡೊದಲ್ಲೂ ನಮ್ಮ ಹಿಮಾಲಯದಲ್ಲೂ ಮೂರು ಸಾವಿರದ ಮೇಲೂ ಇರುತ್ತದೆ. ಎತ್ತರವೂ ಬೇಕು, ಮರವೂ ಬೇಕು ಎನ್ನುವವರಿಗೆ ಪ್ರಕೃತಿ ಕೊಟ್ಟ ರಿಯಾಯಿತಿ ಇದು. ಅದನ್ನು ಕಾಲ ಕೆಳಗೇ ಇಟ್ಟುಕೊಂಡು ನಾವು ಬೋಳುಗುಡ್ಡಕ್ಕೆ ಟಿಕೆಟ್ ಕೊಳ್ಳುತ್ತೇವೆ!

ಸರಿ, ಮರ ಇದ್ದರೆಷ್ಟು ಬಿಟ್ಟರೆಷ್ಟು? ಇದಕ್ಕೆ ಉತ್ತರ ನನಗೆ ಪುಸ್ತಕದಿಂದ ಸಿಕ್ಕಿದ್ದಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನಿಂದ ಅಕ್ಕನ ಮಗ ಬಂದಿದ್ದ. ಇಪ್ಪತ್ತನಾಲ್ಕರ ಹುಡುಗ, ಹಿಂದಿನ ವರ್ಷವಷ್ಟೇ ಸ್ಕೀಯಿಂಗ್ ಕಲಿತಿದ್ದ. ಗುಲ್ಮಾರ್ಗ್‌ನಲ್ಲಿ ಮೂರು ದಿನ ಮರಗಳ ನಡುವೆಯೇ ಆಡಿದೆವು. ನಾಲ್ಕನೇ ದಿನ ಎರಡನೇ ಹಂತ ತೆರೆಯಿತು. “ಮಾವ, ಮೇಲೆ ಹೋಗದಿದ್ದರೆ ಬಂದದ್ದೇ ವೇಸ್ಟ್” ಅಂದ. ನನಗೂ ಬೇಡ ಎನ್ನುವಷ್ಟು ಬುದ್ಧಿ ಇರಲಿಲ್ಲ. ಹೋದೆವು. ಮೇಲೆ ಇಳಿದಾಗ ನೀಲಿ ಆಕಾಶ. ಇಳಿಯಲು ಶುರು ಮಾಡಿ ಐದು ನಿಮಿಷಕ್ಕೆ ಮೋಡ ಬಂದು ಕೂತಿತು.

ಅದನ್ನು ಹೇಗೆ ಹೇಳಲಿ... ನಮ್ಮ ಆಗುಂಬೆ ಘಾಟಿಯ ಮಂಜಿನಲ್ಲಿ ಬಸ್ಸಿನ ಮುಂದೆ ರಸ್ತೆಯ ಬಿಳಿ ಪಟ್ಟೆಯಾದರೂ ಕಾಣುತ್ತದೆ. ಇಲ್ಲಿ ಕೆಳಗೆ ಬಿಳಿ, ಮೇಲೆ ಬಿಳಿ, ಎರಡೂ ಕೂಡುವ ಜಾಗವೂ ಬಿಳಿ. ನೆರಳಿಲ್ಲ. ಏರೋ ಇಳಿಜಾರೋ ತಿಳಿಯದು. ನಿಂತಿದ್ದೇನೆ ಎಂದುಕೊಂಡಿದ್ದೆ, ಜಾರುತ್ತಿದ್ದೆ. ಅದು ಗೊತ್ತಾದದ್ದು ಬಿದ್ದಾಗ! ಎದ್ದು ಕೂಗಿದರೆ ಹುಡುಗನ ಉತ್ತರವಿಲ್ಲ. ನಲವತ್ತು ನಿಮಿಷ. ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ಗಾಳಿ ನನ್ನ ಕೂಗನ್ನು ನನ್ನ ಬಾಯಿಗೇ ವಾಪಸು ತುರುಕುತ್ತಿತ್ತು. ಗಸ್ತಿನವರೊಬ್ಬರು ಅವನನ್ನು ಕಂಡು ಹಿಡಿದು, ಮೊಣಕಾಲು ತಿರುಚಿಕೊಂಡಿದ್ದವನನ್ನು ಸ್ಲೆಡ್ಜ್ ಮೇಲೆ ಮಲಗಿಸಿ ಇಳಿಸಿದರು. ಅವರ ಹಿಂದೆಯೇ ನಾನು. ಕೊಂಗ್ಡೂರಿ ದಾಟಿ ಮೊದಲ ಫರ್ ಮರಗಳ ಸಾಲು ಕಂಡಿತು ನೋಡಿ, ಅದೇ ಮೋಡ, ಅದೇ ಹಿಮ, ಆದರೆ ಕಣ್ಣಿಗೆ ನೆಲ ಸಿಕ್ಕಿತು! ಕಪ್ಪು ಕಾಂಡಗಳ ಲೆಕ್ಕದಲ್ಲಿ ಇಳಿಜಾರು ಎಷ್ಟು, ತಗ್ಗೆಲ್ಲಿ, ದಾರಿ ಯಾವುದು, ಎಲ್ಲ ತಿಳಿಯುತ್ತಿತ್ತು. ಗಾಳಿಯೂ ಅಲ್ಲಿಗೆ ನಿಂತಿತು. ರಾತ್ರಿ ಅಕ್ಕನ ಫೋನು: “ಎಂತ ಮಾರಾಯ, ನನ್ನ ಮಗನ್ನ ಎಲ್ಲಿಗೆ ಹತ್ತಿಸಿದ್ದೆ ನೀನು?” ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಮರ ಮಾಡುವ ಕೆಲಸ ಇದು. ಬೆಳಕು ಸತ್ತ ದಿನ ಕಣ್ಣಿಗೆ ಆಧಾರ ಕೊಡುತ್ತದೆ. ಗಾಳಿ ತಡೆಯುತ್ತದೆ. ಬಿದ್ದ ಹಿಮವನ್ನು ಗಾಳಿ ಗುಡಿಸಿಕೊಂಡು ಹೋಗದಂತೆ, ಬಿಸಿಲು ಕರಗಿಸದಂತೆ ನೆರಳಲ್ಲಿ ಕಾಪಾಡುತ್ತದೆ. ಬಿರುಗಾಳಿ ಎದ್ದ ದಿನ ಮೊದಲು ನಿಲ್ಲುವುದು ಬೋಳು ನೆತ್ತಿಯ ಲಿಫ್ಟು, ಕಾಡಿನ ಮರೆಯ ಇಳಿಜಾರು ಆಗಲೂ ಕೆಲಸಕ್ಕೆ ಬರುತ್ತದೆ.

ಇನ್ನು ನನ್ನ ಬಿ.ಕಾಂ. ಲೆಕ್ಕ. ಆ ಆರು ದಿನಕ್ಕೆ ತಲೆಗೆ ಅರವತ್ತು ಸಾವಿರ ಖರ್ಚಾಗಿತ್ತು. ಎರಡನೇ ಹಂತ ತೆರೆದಿದ್ದದ್ದು ಎರಡು ದಿನ. ಎತ್ತರವೇ ಸರಕು ಅನ್ನುವವರಿಗೆ ದಿನಕ್ಕೆ ಮೂವತ್ತು ಸಾವಿರ ಬಿತ್ತು. ಮರದ ಸಾಲು ಆರೂ ದಿನ ತೆರೆದಿತ್ತು. ಅದೇ ಸರಕು ಅನ್ನುವವರಿಗೆ ದಿನಕ್ಕೆ ಹತ್ತು ಸಾವಿರ. ಯಾವುದು ಅಗ್ಗ, ನೀವೇ ಹೇಳಿ.

ಎದುರು ವಾದ ಇಲ್ಲವೇ? ಇದೆ. ಮೊದಲನೆಯದು, ಎತ್ತರ ಇದ್ದರೇನೇ ಹಿಮ ಖಾತ್ರಿ ಎನ್ನುವುದು. ಒಪ್ಪುತ್ತೇನೆ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಕಂದು ಬಣ್ಣಕ್ಕೆ ಒಣಗಿ ನಿಂತದ್ದನ್ನು ಎಲ್ಲರೂ ಪೇಪರಿನಲ್ಲಿ ನೋಡಿದ್ದೀರಿ. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆ ಹಿಮವಿಲ್ಲದೆ ಮಾರ್ಚ್‌ಗೆ ಹೋಯಿತು. ಅದಕ್ಕೇ ನಾನು ಎತ್ತರ ಬೇಡ ಅನ್ನುತ್ತಿಲ್ಲ. ಎತ್ತರದಲ್ಲಿರುವ ಕಾಡು ಹುಡುಕಿ ಅನ್ನುತ್ತಿದ್ದೇನೆ. ನನ್ನ ಮಗಳು ಡೆನ್ವರ್‌ನಲ್ಲಿದ್ದಾಳೆ. 2023ರಲ್ಲಿ ಅವಳ ಮನೆಗೆ ಹೋದಾಗ ವಿಂಟರ್ ಪಾರ್ಕ್‌ಗೆ ಕರೆದುಕೊಂಡು ಹೋಗಿದ್ದಳು. ಹೊರಗೆ ಬಿರುಹಿಮ, ಮರಗಳ ನಡುವೆ ಐವತ್ತು ದಾಟಿದ ನಾನೂ ಆರಾಮಾಗಿ ಇಳಿಯುತ್ತಿದ್ದೆ.

ಎರಡನೆಯದು, ಮರವೂ ಕೊಲ್ಲುತ್ತದೆ ಎನ್ನುವುದು. ಅದೂ ನಿಜ. 2017ರ ಜೂನ್‌ನಲ್ಲಿ ಗಾಳಿಗೆ ಬುಡಮೇಲಾದ ಮರವೊಂದು ಗುಲ್ಮಾರ್ಗ್ ಗೊಂಡೋಲಾದ ಕೇಬಲ್ ಮೇಲೆ ಬಿದ್ದು ಏಳು ಜನ ತೀರಿಕೊಂಡರು. ಅವರಲ್ಲಿ ನಾಲ್ವರು ನಮ್ಮ ದೆಹಲಿಯ ಒಂದೇ ಕುಟುಂಬದವರು. ಹೊಸ ಹಿಮ ಬಿದ್ದಾಗ ಫರ್ ಮರದ ತಗ್ಗಿದ ಕೊಂಬೆಗಳ ಕೆಳಗೆ, ಬುಡದ ಸುತ್ತ ಸಡಿಲ ಹಿಮದ ಗುಂಡಿ ಉಳಿಯುತ್ತದೆ. ತಲೆಕೆಳಗಾಗಿ ಬಿದ್ದವನು ಒಬ್ಬನೇ ಏಳಲಾರ. ಜೊತೆಯವರನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳದೆ, ಹೆಲ್ಮೆಟ್ಟು, ಸೀಟಿ ಇಲ್ಲದೆ ಕಾಡಿಗೆ ನುಗ್ಗಬಾರದು. ವಿರಳ ಮರಗಳು ಹಿಮಕುಸಿತವನ್ನು ತಡೆಯುತ್ತವೆ ಎಂಬ ಭ್ರಮೆಯೂ ಬೇಡ. ಸಲೀಸಾಗಿ ನುಸುಳಲು ನಮಗೆ ಜಾಗ ಇದ್ದರೆ ಹಿಮಕ್ಕೂ ಇರುತ್ತದೆ.

ಆದರೆ ತೂಕ ಹಾಕಿ ನೋಡಿ. 2023ರ ಫೆಬ್ರವರಿಯಲ್ಲಿ ಅಫರ್ವಾತ್‌ನ ಹಿಮಕುಸಿತದಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಸತ್ತರು. 2024ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು. 2010ರ ಫೆಬ್ರವರಿಯಲ್ಲಿ ಖಿಲನ್‌ಮಾರ್ಗ್‌ನಲ್ಲಿ ಹಿಮ ಕುಸಿದು ಸತ್ತ ಹದಿನೇಳು ಮಂದಿ, ಎತ್ತರದ ಯುದ್ಧ ತರಬೇತಿಗೇ ಬಂದಿದ್ದ ಸೈನಿಕರು. ಅಭ್ಯಾಸ ಇದ್ದವರ ಗತಿಯೇ ಹೀಗಿರುವಾಗ, ವಾರದ ರಜೆ ಹಾಕಿ ಬಂದ ನಮ್ಮ ನಿಮ್ಮ ಮಕ್ಕಳನ್ನು ಬರೀ ಒಂದು ಸಂಖ್ಯೆಗೋಸ್ಕರ ಮೊದಲ ಸಲಕ್ಕೇ ಅಲ್ಲಿಗೆ ಹತ್ತಿಸುವುದು ಯಾವ ಬುದ್ಧಿವಂತಿಕೆ?

ಇದರಲ್ಲಿ ಇನ್ನೊಂದು ಸಂಕಟವಿದೆ. ನಾವು ಎತ್ತರ ಕೇಳಿದರೆ ಅವರು ಎತ್ತರವನ್ನೇ ಮಾರುತ್ತಾರೆ. ಆಗ ಕೆಳಗಿನ ಕಾಡಿಗೆ ಬೆಲೆ ಇಲ್ಲ. ಅದು ಹೋಟೆಲಿಗೆ, ಪಾರ್ಕಿಂಗಿಗೆ ಸಿಗಬೇಕಾದ ಸೈಟು ಅಷ್ಟೇ. ಔಲಿಯ ಬುಡದ ಜೋಶಿಮಠದಲ್ಲಿ 2023ರ ಜನವರಿಯಲ್ಲಿ ನೆಲವೇ ಕುಸಿದು ಮನೆಗಳು ಬಿರುಕು ಬಿಟ್ಟವು. ನಾನು ನಾಲ್ಕಾರು ಸಲ ಕೂತು ಹೋಗಿದ್ದ ರೋಪ್‌ವೇ ಅಂದು ನಿಂತಿತು. ಬೆಟ್ಟ ಎಷ್ಟು ಭಾರ ಹೊರುತ್ತದೆ ಎಂಬುದಕ್ಕೆ ಮಿತಿ ಇದೆ. ಗ್ರಾಹಕರು ಮರ ಕೇಳಲು ಶುರು ಮಾಡಿದರೆ, ಮರ ಉಳಿಸುವುದರಲ್ಲೂ ಲಾಭ ಇದೆ ಎಂದು ಮಾರುವವರಿಗೆ ತಿಳಿದೀತು.

ಆದ್ದರಿಂದ ಹಣ ಕಟ್ಟುವ ಮೊದಲು ಏಜೆಂಟರನ್ನು ಮೂರು ಪ್ರಶ್ನೆ ಕೇಳಿ. ಆ ಬೆಟ್ಟದಲ್ಲಿ ಮರದ ಗೆರೆ ಎಷ್ಟು ಮೀಟರಿನಲ್ಲಿ ನಿಲ್ಲುತ್ತದೆ? ಲಿಫ್ಟಿನ ಎಷ್ಟು ಭಾಗ ಆ ಗೆರೆಯ ಕೆಳಗಿದೆ? ಮೇಲಿನ ಲಿಫ್ಟು ಮುಚ್ಚಿದ ದಿನ ನಮಗೆ ಇಳಿಯಲು ಏನು ಉಳಿಯುತ್ತದೆ? ಉತ್ತರ ಬರದಿದ್ದರೆ ಚೆಕ್ಕಿಗೆ ಸಹಿ ಹಾಕಬೇಡಿ. ಗುಲ್ಮಾರ್ಗ್‌ಗೇ ಹೋಗುವುದಾದರೆ, ಸ್ವಲ್ಪ ಪಳಗಿದ ಮೇಲೆ ಸ್ಥಳೀಯ ಗೈಡ್ ಒಬ್ಬರನ್ನು ಹಿಡಿದು ಬಾಬಾ ರೇಷಿಯ ಕಡೆಗೆ ಕಾಡಿನೊಳಗೆ ಇಳಿಯಿರಿ. ಕೆಳಗಿಂದ ಟ್ಯಾಕ್ಸಿಯಲ್ಲಿ ವಾಪಸು ಬರಬಹುದು. ಹದಿಮೂರು ಸಾವಿರ ಅಡಿ ನಿಮಗೆ ನೆನಪೂ ಆಗುವುದಿಲ್ಲ.

ದೂರದ ಬೆಟ್ಟ ನುಣ್ಣಗೆ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ನುಣ್ಣಗಿನ ಬೆಟ್ಟದ ಮೇಲೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಕಣ್ಣಿಗೂ, ಕೈಗೂ. ಅಂದಹಾಗೆ ಆ ಹುಡುಗನ ಮೊಣಕಾಲು ಈಗ ಸರಿಯಾಗಿದೆ. ಹೋದ ವರ್ಷ ಮತ್ತೆ ಫೋನ್ ಮಾಡಿದ್ದ. “ಮಾವ, ಈ ಸಲ ಮರ ಇರೋ ಕಡೆ ಹೋಗೋಣ.”

ಅಕ್ಕನಿಗೆ ಇನ್ನೂ ಹೇಳಿಲ್ಲ :-)