ಬಾತ ಕಾಲು ಮತ್ತು ಬಿಟ್ಟ ಗುಳಿಗೆ

ಕಳೆದ ಬೇಸಿಗೆಯಲ್ಲಿ ಇಂಡಿ ತಾಲ್ಲೂಕಿನ ನಮ್ಮೂರಿಗೆ ಹೋಗಿದ್ದಾಗ ಕಟ್ಟೆಯ ಮೇಲೆ ಕುಳಿತಿದ್ದ ದೊಡ್ಡವ್ವನ ಕಾಲುಗಳು ಕಣ್ಣಿಗೆ ಬಿದ್ದವು. ಎಪ್ಪತ್ತು ದಾಟಿದ ಜೀವ. ಎರಡೂ ಕಣಕಾಲು ಉಬ್ಬಿದ್ದವು. ಹೆಬ್ಬೆರಳಿನಿಂದ ಒತ್ತಿದಲ್ಲಿ ಬಿದ್ದ ಗುಳಿ ಬಹಳ ಹೊತ್ತು ಹಾಗೆಯೇ ಉಳಿಯಿತು. ‘ವಯಸ್ಸಾತಲ್ಲೋ ತಮ್ಮಾ, ಬಾವು ಬರೂದ’ ಎಂದಳು. ಬಿ.ಪಿ. ಗುಳಿಗೆಯಿಂದ ಕಾಲು ಬಾಯುತ್ತವೆಂದು ನೆರೆಮನೆಯವರು ಹೇಳಿದ್ದರಿಂದ ಅದನ್ನು ಬಿಟ್ಟು ಎರಡು ತಿಂಗಳಾಗಿತ್ತು. ಮೊಣಕಾಲು ನೋವಿಗೆಂದು ಔಷಧದ ಅಂಗಡಿಯಿಂದ ತರಿಸಿಕೊಂಡ ಗುಳಿಗೆಯನ್ನು ಮಾತ್ರ ದಿನವೂ ನುಂಗುತ್ತಿದ್ದಳು.

ನೆರೆಮನೆಯವರ ಮಾತು ಪೂರ್ತಿ ಸುಳ್ಳಲ್ಲ. ರಕ್ತದೊತ್ತಡಕ್ಕೆ ನಮ್ಮ ದೇಶದಲ್ಲಿ ಅತಿ ಹೆಚ್ಚಾಗಿ ಬಳಕೆಯಾಗುವ ಮಾತ್ರೆಗಳಲ್ಲಿ ಒಂದಾದ ಆಮ್ಲೋಡಿಪಿನ್ ಕೆಲವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ, ಕಣಕಾಲಿಗೆ ಬಾವು ತರುತ್ತದೆ. ಪ್ರಮಾಣ ಹೆಚ್ಚಿದಂತೆ ಬಾವೂ ಹೆಚ್ಚುತ್ತದೆ. ಆದರೆ ಅದಕ್ಕೆ ಪರಿಹಾರ ಮಾತ್ರೆಯನ್ನು ಬಿಡುವುದಲ್ಲ. ವೈದ್ಯರು ಪ್ರಮಾಣ ತಗ್ಗಿಸಬಹುದು, ಬೇರೆ ಬಗೆಯ ಮಾತ್ರೆ ಕೊಡಬಹುದು ಅಥವಾ ಜೊತೆಗೆ ಇನ್ನೊಂದನ್ನು ಸೇರಿಸಬಹುದು. ಹೇಳದೆ ಕೇಳದೆ ಬಿಟ್ಟರೆ ಬಾವು ಇಳಿಯಬಹುದು. ಒತ್ತಡ ಏರಿ ಪಾರ್ಶ್ವವಾಯು ಹೊಡೆಯಲೂಬಹುದು. ಇತ್ತ ದೊಡ್ಡವ್ವ ನಂಬಿದ್ದ ನೋವಿನ ಗುಳಿಗೆಯೋ ದೇಹದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಡುತ್ತದೆ, ಒತ್ತಡ ಏರಿಸುತ್ತದೆ, ಮೂತ್ರಪಿಂಡವನ್ನು ಕೆಡಿಸುತ್ತದೆ. ಕಾಯುವುದನ್ನು ಬಿಟ್ಟು ಕೊಲ್ಲುವುದನ್ನು ಹಿಡಿದುಕೊಂಡಂತಾಗಿತ್ತು.

ಈ ತಪ್ಪು ಒಬ್ಬ ಮುದುಕಿಯದಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳಲ್ಲಿ ಜೀವಮಾನವಿಡೀ ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕಿತ್ತ, ಜೋಳ ಕೊಯ್ದ ಹೆಂಗಸರ ಮೊಣಕಾಲು ಸವೆದಿರುವುದು ಸಹಜ. ದುಡಿಯುವ ಮಕ್ಕಳು ಗೋವಾ, ಪುಣೆ, ಮುಂಬೈಗೆ ಹೋಗಿದ್ದಾರೆ. ದೊಡ್ಡ ಆಸ್ಪತ್ರೆ ಬೇಕೆಂದರೆ ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಬಸ್ಸು ಹಿಡಿಯಬೇಕು. ಹೀಗಿರುವಾಗ ಚೀಟಿಯಿಲ್ಲದೆ ದೊರೆಯುವ ನೋವಿನ ಗುಳಿಗೆಯೇ ಹತ್ತಿರದ ವೈದ್ಯನಾಗುತ್ತದೆ. ಹಿರಿಯರ ಕಾಲು ನೋಡುವವರಾದರೂ ಯಾರು?

ಕಾಲಿನ ಬಾವು ಸ್ವತಃ ಒಂದು ರೋಗವಲ್ಲ, ಅದೊಂದು ಸೂಚನೆ. ಅಭಿಧಮನಿಗಳ ಕವಾಟಗಳು ಸಡಿಲವಾದರೆ ರಕ್ತ ಮೇಲೇರದೆ ಕಾಲಲ್ಲೇ ನಿಲ್ಲುತ್ತದೆ. ಇಂಥ ಬಾವು ಸಂಜೆಗೆ ಹೆಚ್ಚಾಗಿ ಬೆಳಿಗ್ಗೆಗೆ ಇಳಿಯುತ್ತದೆ. ಹೃದಯದ ಶಕ್ತಿ ಕುಂದಿದರೆ ಬಾವಿನೊಂದಿಗೆ ಏದುಸಿರು ಬರುತ್ತದೆ. ಮಲಗಿದರೆ ಉಸಿರು ಕಟ್ಟುತ್ತದೆ. ಎರಡು ಮೂರು ದಿನಗಳಲ್ಲೇ ತೂಕ ಎರಡು ಕಿಲೋ ಏರಬಹುದು. ಮೂತ್ರಪಿಂಡ ಸೋತರೆ ಬೆಳಿಗ್ಗೆ ಮುಖವೂ ಊದಿರುತ್ತದೆ. ಒಂದೇ ಕಾಲು ಥಟ್ಟನೆ ಬಾತು ಮೀನಖಂಡ ನೋಯತೊಡಗಿದರೆ ರಕ್ತ ಹೆಪ್ಪುಗಟ್ಟಿರುವ ಶಂಕೆಯಿದೆ. ಆ ಹೆಪ್ಪು ಶ್ವಾಸಕೋಶಕ್ಕೆ ಸಾಗಿದರೆ ಪ್ರಾಣಕ್ಕೇ ಕುತ್ತು. ಅಂದೇ ಆಸ್ಪತ್ರೆ ಸೇರಬೇಕು.

ಇಲ್ಲಿಗೆ ಇನ್ನೊಂದು ಕಾರಣವನ್ನೂ ಸೇರಿಸಬೇಕು. ಆನೆಕಾಲು ರೋಗದ ಪ್ರದೇಶಗಳೆಂದು ರಾಜ್ಯದಲ್ಲಿ ಗುರುತಿಸಲಾದ ಜಿಲ್ಲೆಗಳಲ್ಲಿ ವಿಜಯಪುರವೂ ಒಂದು. ಸೊಳ್ಳೆಯಿಂದ ಹರಡುವ ಈ ರೋಗವನ್ನು 2027ರೊಳಗೆ ತೊಡೆದುಹಾಕುವ ಗುರಿಯನ್ನು ಕೇಂದ್ರ ಸರ್ಕಾರ ಇಟ್ಟುಕೊಂಡಿದೆ. ಸೋಂಕು ನಿಂತರೂ ಹಳೆಯ ರೋಗಿಗಳ ಕಾಲಿನ ಬಾವು ತಾನಾಗಿ ಹೋಗದು. ದಿನವೂ ಸಾಬೂನಿನಿಂದ ತೊಳೆದು, ಬೆರಳಸಂದು ಒರೆಸಿ, ಗಾಯವಾಗದಂತೆ ಕಾಯುವುದೇ ಅವರಿಗೆ ಮುಖ್ಯ ಆರೈಕೆ.

ಮನೆಯಲ್ಲಿ ಮಾಡಬಹುದಾದದ್ದು ಕಡಿಮೆಯೇನಲ್ಲ. ಕುಳಿತಾಗ ಕಾಲು ಇಳಿಬಿಡದೆ ಎತ್ತರದಲ್ಲಿಡುವುದು, ಸಾಧ್ಯವಾದಷ್ಟು ನಡೆಯುವುದು, ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುವುದು. ಮೀನಖಂಡದ ಸ್ನಾಯು ಹಿಂಡಿದಾಗಲೇ ರಕ್ತ ಮೇಲೇರುವುದು. ಬಿಗಿ ಕಾಲುಚೀಲ ಹಲವರಿಗೆ ಒಳ್ಳೆಯದು. ಆದರೆ ಕಾಲಿನ ಅಪಧಮನಿ ಕಿರಿದಾಗಿದ್ದವರಿಗೆ ಅದು ಅಪಾಯ. ಆದ್ದರಿಂದ ವೈದ್ಯರು ನೋಡಿದ ಮೇಲೆಯೇ ತೊಡಬೇಕು. ಇನ್ನು ಉಪ್ಪು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಒಂದು ಚಹಾ ಚಮಚೆಯಷ್ಟೂ ಆಗದು. ನಮ್ಮ ರೊಟ್ಟಿಯ ಪಕ್ಕದಲ್ಲಿ ಶೇಂಗಾ ಹಿಂಡಿ, ಕೆಂಪುಖಾರ, ಸಂಡಿಗೆ, ಜೊತೆಗೆ ಲಿಂಬೆ ಉಪ್ಪಿನಕಾಯಿ. 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಂಡಿ ಲಿಂಬೆ ನಮ್ಮ ಹೆಮ್ಮೆ. ಹಿರಿಯರ ತಾಟಿನಲ್ಲಿ ಅದನ್ನು ಉಪ್ಪಿನಕಾಯಿಯಾಗಿ ಬಡಿಸುವ ಬದಲು ಹೋಳಾಗಿ ಹಿಂಡಿದರೆ ಪಲ್ಯಕ್ಕೆ ಉಪ್ಪೂ ಕಡಿಮೆ ಸಾಕು.

ಆದರೆ ಎಲ್ಲವನ್ನೂ ಮನೆಯವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಾಲು ಬಾತವರಿಗೆಲ್ಲ ವಿಚಾರಿಸದೆ ‘ನೀರಿನ ಮಾತ್ರೆ’ ಬರೆದುಕೊಡುವ ರೂಢಿ ನಮ್ಮಲ್ಲಿದೆ. ಹೃದಯದ ತೊಂದರೆಗೆ ಅದು ಸಂಜೀವಿನಿಯೇ ಸರಿ. ಬಿ.ಪಿ. ಮಾತ್ರೆಯಿಂದ ಬಂದ ಬಾವಿಗೆ ಮಾತ್ರ ಅದರ ಉಪಯೋಗ ಅತ್ಯಲ್ಪ. ಬದಲಿಗೆ ಸೋಡಿಯಂ ಇಳಿದು, ತಲೆಸುತ್ತಿ ಬಿದ್ದು ಸೊಂಟ ಮುರಿದುಕೊಳ್ಳುವ ಭಯ. ಒಂದು ಮಾತ್ರೆಯ ಅಡ್ಡಪರಿಣಾಮಕ್ಕೆ ಇನ್ನೊಂದು ಮಾತ್ರೆ ಎಂಬ ಸರಪಳಿ ಇಲ್ಲಿಯೇ ತುಂಡಾಗಬೇಕು.

ಹಿರಿಯರ ಆರೋಗ್ಯ ಪಾಲನೆಗೆಂದು ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 2010–11ರಲ್ಲಿ. ಮನೆ ಬಾಗಿಲಲ್ಲೇ ಒತ್ತಡ, ಮಧುಮೇಹ ತಪಾಸಣೆ ಮಾಡುವ ರಾಜ್ಯದ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಯಿತು. ಹೊಸ ಯೋಜನೆ ಬೇಕಿಲ್ಲ. ಇರುವ ಭೇಟಿಗೆ ಅರ್ಧ ನಿಮಿಷ ಸೇರಿಸಿದರೆ ಸಾಕು. ಕಾಲನ್ನು ಒತ್ತಿ ನೋಡುವುದು. ಬಾವು ಒಂದು ಕಾಲಿಗೋ ಎರಡಕ್ಕೋ, ಉಸಿರು ಕಟ್ಟುತ್ತದೆಯೇ, ಯಾವ ಯಾವ ಗುಳಿಗೆ ನುಂಗುತ್ತೀರಿ ಎಂದು ಕೇಳುವುದು. ಈಗಾಗಲೇ ಹತ್ತು ಹಲವು ದಾಖಲೆ ತುಂಬುತ್ತ ಬಸವಳಿದಿರುವ ಆಶಾ ಕಾರ್ಯಕರ್ತೆಯರ ಮೇಲೆ ಮತ್ತೊಂದು ಹೊರೆಯೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಅವರ ಗೌರವಧನ ಹೆಚ್ಚಿಸುವುದೂ ಇದರ ಜೊತೆಗೇ ಆಗಬೇಕು.

ದೊಡ್ಡವ್ವನನ್ನು ವೈದ್ಯರಲ್ಲಿಗೆ ಕರೆದೊಯ್ದೆ. ಅವರು ಮೊದಲು ಕೇಳಿದ್ದು ಗುಳಿಗೆಗಳ ಚೀಲವನ್ನು. ನೋವಿನದನ್ನು ನಿಲ್ಲಿಸಿ, ಬಿ.ಪಿ.ಯದನ್ನು ಬದಲಿಸಿ, ರಕ್ತ ಪರೀಕ್ಷೆ ಮಾಡಿಸಿದರು. ಮೂತ್ರಪಿಂಡಕ್ಕೆ ಆಗಲೇ ಸ್ವಲ್ಪ ಪೆಟ್ಟು ಬಿದ್ದಿತ್ತು. ಬಾವು ಇಳಿದಿದೆ, ಆ ಪೆಟ್ಟು ಉಳಿದಿದೆ. ಊರಿಗೆ ಫೋನು ಮಾಡಿದಾಗ ‘ಊಟ ಆಯ್ತಾ’ ಎಂದು ಕೇಳುವ ನಾವು ‘ಕಾಲು ಹೇಗಿವೆ’ ಎಂದೂ ಕೇಳುವುದನ್ನು ಕಲಿಯಬೇಕು.