ಜೆವಿಪಿಡಿಯಲ್ಲಿ ಕಲಿತವರು ಜವ್ಹಾರಕ್ಕೆ ಹೋಗಲೇಬೇಕೆ?

ವಿಲೆ ಪಾರ್ಲೆ ಪಶ್ಚಿಮದ ಜೆವಿಪಿಡಿ ಬಡಾವಣೆಯಲ್ಲಿ ಲೋಟಸ್ ಕಾಲೇಜ್ ಆಫ್ ಆಪ್ಟೋಮೆಟ್ರಿ ಇದೆ. ದೃಷ್ಟಿ ಅಳೆದು ಕನ್ನಡಕದ ನಂಬರು ಬರೆಯುವುದು, ಕಣ್ಣಿನ ಕಾಯಿಲೆಯನ್ನು ಹೊತ್ತಿಗೆ ಸರಿಯಾಗಿ ಗುರುತಿಸಿ ವೈದ್ಯರ ಹತ್ತಿರ ಕಳಿಸುವುದು ಅಲ್ಲಿ ಕಲಿಸುವ ವಿದ್ಯೆ. ನಾಲ್ಕು ವರ್ಷದ ಪದವಿ, ಕೊನೆಯ ವರ್ಷ ಇಂಟರ್ನ್‌ಶಿಪ್. ಪಾರ್ಲೆ ಸ್ಟೇಷನ್ನಿನಲ್ಲಿ ಬೆಳಿಗ್ಗೆ ವಿರಾರ್ ಲೋಕಲ್ ಹಿಡಿದು, ಅಲ್ಲಿಂದ ಡಹಾಣೂ ಗಾಡಿಯಲ್ಲಿ ಪಾಲ್ಘರ್‌ಗೆ ಹೋಗಿ, ಮುಂದೆ ಎಸ್.ಟಿ. ಬಸ್ಸು ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ಜವ್ಹಾರ. ವಾರ್ಲಿ, ಕೋಕಣಾ, ಕಾತ್ಕರಿ ಜನರ ಗುಡ್ಡಗಾಡು. ಅಲ್ಲಿನ ಪಾಡಾಗಳಲ್ಲಿ, ಅಂದರೆ ಪುಟ್ಟ ಹಳ್ಳಿಗಳಲ್ಲಿ, ಕಣ್ಣು ಮಂಜಾದವರು ವಯಸ್ಸಾಯಿತೆಂದು ಸುಮ್ಮನೆ ಕೂತುಬಿಡುತ್ತಾರೆ.

ಹಾಗಾದರೆ ಪ್ರಶ್ನೆ ಇದು: ಎಂಬಿಬಿಎಸ್ ಮುಗಿಸಿದವರಿಗೆ ಗ್ರಾಮೀಣ ಸೇವೆಯ ಬಾಂಡ್ ಇರುವಂತೆ, ಆಪ್ಟೋಮೆಟ್ರಿ ಮುಗಿಸಿದವರಿಗೂ ಒಂದು ವರ್ಷ ಇಂಥ ಕಡೆ ಸೇವೆ ಕಡ್ಡಾಯ ಮಾಡಬೇಕೆ? 2021ರ ರಾಷ್ಟ್ರೀಯ ಕಾಯಿದೆಯೊಂದು ಆಪ್ಟೋಮೆಟ್ರಿಸ್ಟರನ್ನು ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿದೆ. ಆದ್ದರಿಂದ ಈ ಪ್ರಶ್ನೆ ಕೇಳಲು ಈಗ ಕಾಲ ಬಂದಿದೆ. ಎರಡೂ ಪಕ್ಷವನ್ನು ಅದರದರ ಪೂರ್ಣ ಬಲದಲ್ಲೇ ಇಡುತ್ತೇನೆ. ನನ್ನ ಒಲವು ಎರಡನೆಯದರ, ಅಂದರೆ ವಿರೋಧದ ಕಡೆಗೆ ಎಂಬುದನ್ನು ಮೊದಲೇ ಹೇಳಿಬಿಡುವುದು ಸರಿ.

ಪರ

ಕಡ್ಡಾಯ ಮಾಡಲೇಬೇಕು. ಕಣ್ಣು ಪರೀಕ್ಷೆಗೆ ಬೇಕಾದ ಸಾಮಾನು ಒಂದು ಪೆಟ್ಟಿಗೆಯಲ್ಲಿ ಹಿಡಿಯುತ್ತದೆ: ಒಂದು ಅಕ್ಷರ ಫಲಕ, ಟಾರ್ಚು, ಮಸೂರಗಳ ಟ್ರಯಲ್ ಸೆಟ್ಟು, ರೆಟಿನೋಸ್ಕೋಪು. ರೆಟಿನೋಸ್ಕೋಪಿನ ಬೆಳಕಿನ ಗೆರೆಯನ್ನು ಕಣ್ಣ ಪಾಪೆಯ ಮೇಲೆ ಅತ್ತಿತ್ತ ಆಡಿಸಿದರೆ ಒಳಗಿನಿಂದ ಕೆಂಪು ಹೊಳಪೊಂದು ಕಾಣುತ್ತದೆ. ಅದು ಗೆರೆಯ ಜೊತೆಗೆ ಸರಿಯಿತೇ, ಎದುರಿಗೆ ಸರಿಯಿತೇ ಎಂದು ನೋಡುತ್ತ, ಸರಿದಾಟ ನಿಂತು ಪಾಪೆ ಪೂರ್ತಿ ಬೆಳಗುವ ತನಕ ಮಸೂರ ಬದಲಿಸುತ್ತ ಹೋಗುತ್ತಾರೆ. ಪರೀಕ್ಷೆಗೆ ಬಂದವರು ಬಾಯಿ ಬಿಡಬೇಕಿಲ್ಲ, ಅಕ್ಷರ ಬರಬೇಕಿಲ್ಲ. ಮೂರು ವರ್ಷದ ಮಗುವಿನ ನಂಬರೂ ಸಿಗುತ್ತದೆ, ಮರಾಠಿ ಸರಿಯಾಗಿ ಬಾರದ ಅಜ್ಜಿಯದೂ ಸಿಗುತ್ತದೆ. ಇಷ್ಟು ಹಗುರವಾಗಿ ಹೊತ್ತೊಯ್ಯಬಹುದಾದ ವಿದ್ಯೆ ಜುಹೂ, ಬಾಂದ್ರಾದ ಎ.ಸಿ. ಶೋರೂಮುಗಳಲ್ಲೇ ನಿಂತುಹೋದರೆ ತಪ್ಪು ಯಾರದು?

ಕನ್ನಡಕ ಬರೀ ಓದುಬರಹದವರ ವಸ್ತುವೆಂಬ ಮಾತನ್ನು ಅಸ್ಸಾಮಿನ ಚಹಾ ತೋಟಗಳು ಸುಳ್ಳು ಮಾಡಿವೆ. 2018ರಲ್ಲಿ ಪ್ರಕಟವಾದ ಅಧ್ಯಯನ ಅದು. ನಲವತ್ತು ದಾಟಿದ 751 ಎಲೆ ಕೀಳುವವರಲ್ಲಿ ಚಾಳೀಸು ಸಿಕ್ಕವರ ಕೆಲಸ, ಸಿಗದವರಿಗಿಂತ ಸುಮಾರು ಶೇ. 22ರಷ್ಟು ಹೆಚ್ಚಾಯಿತು. ಕೂಲಿಯೇ ಎಲೆಯ ತೂಕದ ಮೇಲಿರುವವರಿಗೆ ಅದು ಮನೆಗೆ ಬರುವ ದುಡ್ಡು. ಜರಿ ಕೆಲಸದವರು, ದರ್ಜಿಗಳು, ಅಕ್ಕಿಯಲ್ಲಿ ಕಲ್ಲು ಆರಿಸುವ ಹೆಂಗಸರು, ಎಲ್ಲರಿಗೂ ಈ ಮಾತು ಸಲ್ಲುತ್ತದೆ.

ಸರ್ಕಾರ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿದ್ದು 1976ರಲ್ಲಿ. 2015-19ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅಂಧತ್ವದ ಪ್ರಮಾಣ ಶೇ. 0.36, ಐವತ್ತು ದಾಟಿದವರ ಕುರುಡಿನಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಾರಣ ಕಣ್ಣಿನ ಪೊರೆ. ಪೊರೆ ತೆಗೆಯುವ ಆಸ್ಪತ್ರೆಗಳಿವೆ. ಪೊರೆ ಬಂದವರನ್ನು ಹುಡುಕಿ ಅಲ್ಲಿಯವರೆಗೆ ತಲುಪಿಸುವವರ ಕೊರತೆ ಇದೆ, ಮತ್ತು ಹಾಗೆ ಹುಡುಕಿ ತಲುಪಿಸುವುದು ಆಪ್ಟೋಮೆಟ್ರಿಸ್ಟರ ಕೆಲಸವೇ.

ಸ್ವಂತ ಮನಸ್ಸಿನಿಂದ ಹೋಗುವವರು ಇಲ್ಲವೇ ಎನ್ನಬಹುದು. ಇದ್ದರು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ ಊರೂರಿಗೆ ಹೋಗಿ ಉಚಿತ ಶಿಬಿರ ನಡೆಸಿದರು. ಅವರು ಮಾಡಿದ ಶಸ್ತ್ರಚಿಕಿತ್ಸೆಗಳು ಆರು ಲಕ್ಷ ಮೀರಿದವೆಂದು ಗಿನ್ನೆಸ್ ಪುಸ್ತಕ ದಾಖಲಿಸಿತು. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಅಜ್ಜ-ಅಜ್ಜಿಯರಿಗೆ ಕಣ್ಣು ಬಂದದ್ದು ಮೋದಿ ಡಾಕ್ಟರರಿಂದ. ಆದರೆ ಇನ್ನೊಬ್ಬ ಮೋದಿ ಹುಟ್ಟಲಿ ಎಂದು ಕಾಯುವುದು ಸರ್ಕಾರದ ನೀತಿಯಾಗಲಾರದು. ಸಾಧಾರಣ ಮನಸ್ಸಿನ ಸಾವಿರ ಜನರಿಂದ ಒಂದೊಂದು ವರ್ಷ ಪಡೆಯುವುದೇ ನೀತಿ.

ಸೇವೆಗೆ ಗುಡ್ಡವನ್ನೇ ಹತ್ತಬೇಕೆಂದೂ ಇಲ್ಲ. ಜೆವಿಪಿಡಿಯ ಬಂಗಲೆಗಳಿಂದ ನಡೆದು ಹೋಗುವಷ್ಟು ಹತ್ತಿರ ನೆಹರೂ ನಗರದ ಜೋಪಡಿಗಳಿವೆ. ಬೆಳಿಗ್ಗೆ ನಾಕಾಗಳಲ್ಲಿ, ಅಂದರೆ ಕೂಲಿಯವರು ಸೇರುವ ವೃತ್ತಗಳಲ್ಲಿ, ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ನಮ್ಮ ಜನ ಗುದ್ದಲಿ, ಬುಟ್ಟಿ ಇಟ್ಟುಕೊಂಡು ಕೂಲಿಗೆ ಕಾಯುತ್ತಾರೆ. ಕೂಪರ್ ಆಸ್ಪತ್ರೆ ಇದೇ ಪಾರ್ಲೆಯಲ್ಲಿದೆ, ನಿಜ. ಆದರೆ ಕ್ಯೂ ನಿಂತರೆ ಆ ದಿನದ ಕೂಲಿ ಹೋಯಿತು. ಕಡ್ಡಾಯ ಸೇವೆಯ ಹುಡುಗನೊಬ್ಬ ಬೆಳಗಿನ ಏಳಕ್ಕೆ ಪೆಟ್ಟಿಗೆ ಹಿಡಿದು ನಾಕಾಕ್ಕೇ ಬಂದರೆ? ಬಿಎಂಸಿಯ ಕನ್ನಡ ಶಾಲೆಗಳಿಗೆ, ಹೋಟೆಲುಗಳ ಅಡುಗೆಮನೆಗಳಿಗೆ ಹೋದರೆ? ಒಂದು ವರ್ಷ ಅವನ ಆಯುಷ್ಯದಲ್ಲಿ ಎಷ್ಟರ ಪಾಲು!

ವಿರೋಧ

ನೋವು ನಿಜ, ಮದ್ದು ತಪ್ಪು. ಕರ್ನಾಟಕದ ಅನುಭವವನ್ನೇ ನೋಡಿ. ವೈದ್ಯ ಪದವೀಧರರಿಗೆ ಸರ್ಕಾರಿ, ಖಾಸಗಿ ಎನ್ನದೆ ಗ್ರಾಮೀಣ ಸೇವೆ ಕಡ್ಡಾಯವೆಂದು 2012ರಲ್ಲಿ ಕಾನೂನು ಮಾಡಿದರು. ಹೊರಬರುವ ವೈದ್ಯರು ಹೆಚ್ಚಾಗಿ, ಅವರಿಗೆ ಕೊಡಲು ಖಾಲಿ ಹುದ್ದೆಗಳೇ ಸಾಲದಾಗಿ, 2023ರಲ್ಲಿ ಆ ಕಡ್ಡಾಯವನ್ನು ಸಡಿಲಿಸಬೇಕಾಯಿತು. ಕೋಣೆ, ಉಪಕರಣ, ಸಂಬಳ, ಮೇಲಿನವರ ಮಾರ್ಗದರ್ಶನ ಇಲ್ಲದ ಕಡೆ ಹುಡುಗರನ್ನು ಕಳಿಸಿದರೆ ಅವರು ದಿನ ಎಣಿಸುತ್ತಾರೆ, ಹಳ್ಳಿಯವರಿಗೂ ಅದು ಗೊತ್ತಾಗುತ್ತದೆ. ವೈದ್ಯರಿಗೇ ನಿಭಾಯಿಸಲಾಗದ್ದನ್ನು ಆಪ್ಟೋಮೆಟ್ರಿಗೆ ಅಂಟಿಸುವುದು ಯಾಕೆ?

ಮುಖ್ಯವಾದ ಮಾತು ಬೇರೆಯೇ ಇದೆ. ಕಣ್ಣಿನ ಆರೈಕೆ ಒಂದು ಸಲ ನೋಡಿ ಮುಗಿಸುವ ಕೆಲಸವಲ್ಲ. ಕನ್ನಡಕದ ಕಡ್ಡಿ ಮುರಿಯುತ್ತದೆ. ಎರಡನೇ ಕಣ್ಣಿನ ಪೊರೆ ಎರಡು ವರ್ಷ ಬಿಟ್ಟು ಬಲಿಯುತ್ತದೆ. ಗ್ಲಾಕೋಮಾದ ಹನಿಯನ್ನು ಬದುಕಿಡೀ ಹಾಕಬೇಕು. ನೋವಿಲ್ಲದ ಕಾಯಿಲೆಯಾದ್ದರಿಂದ ಬಾಟಲಿ ಖಾಲಿಯಾದ ಮೇಲೆ ಯಾರಾದರೂ ಮನೆಗೆ ಬಂದು ಬೈಯದಿದ್ದರೆ ನಿಲ್ಲಿಸಿಬಿಡುತ್ತಾರೆ, ನೋಟ ಅಂಚಿನಿಂದ ಒಳಕ್ಕೆ ಸವೆಯುತ್ತ ಬರುತ್ತದೆ. ಮಗುವಿನ ಒಂದು ಕಣ್ಣು ಸೋಮಾರಿಯಾಗಿದ್ದರೆ ಒಳ್ಳೆಯ ಕಣ್ಣಿಗೆ ತಿಂಗಳುಗಟ್ಟಲೆ ಪಟ್ಟಿ ಕಟ್ಟಬೇಕು. ಪಟ್ಟಿ ಕಿತ್ತೆಸೆಯುವ ಮಗುವನ್ನು, ಪಾಪ ಎನ್ನುವ ಅಜ್ಜಿಯನ್ನು, ಹೊಲಕ್ಕೆ ಹೋಗುವ ತಾಯಿಯನ್ನು ಒಟ್ಟಿಗೆ ಒಪ್ಪಿಸುವುದು ಆ ಓಣಿಯವರಿಗೆ ಮಾತ್ರ ಆಗುವ ಕೆಲಸ. ವಾರ್ಲಿ ಮಾತು ಕಿವಿಗೆ ಹತ್ತುವಷ್ಟರಲ್ಲಿ ಬಾಂಡಿನವನ ವರ್ಷ ತುಂಬಿರುತ್ತದೆ.

ಆದ್ದರಿಂದ ನಗರದವರನ್ನು ತಳ್ಳುವ ಬದಲು ಅಲ್ಲಿಯವರಿಗೇ ಕಲಿಸಬೇಕು. ಇದು ಕನಸೇನಲ್ಲ. 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ ಮದುರೆಯಲ್ಲಿ 11 ಹಾಸಿಗೆಗಳಿಂದ ಆರಂಭಿಸಿದ ಅರವಿಂದ ಕಣ್ಣಿನ ಆಸ್ಪತ್ರೆ ಹಳ್ಳಿಯ ಹುಡುಗಿಯರಿಗೆ ಎರಡು ವರ್ಷ ತರಬೇತಿ ಕೊಟ್ಟು ಬೆಳೆಯಿತು; ಇಂದು ಅಲ್ಲಿನ ಸಿಬ್ಬಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅವರೇ. ಹೈದರಾಬಾದಿನ ಎಲ್. ವಿ. ಪ್ರಸಾದ್ ಸಂಸ್ಥೆ ಊರಿನ ಯುವಕ-ಯುವತಿಯರನ್ನು ವಿಷನ್ ಟೆಕ್ನಿಶಿಯನ್‌ಗಳಾಗಿ ತಯಾರು ಮಾಡಿ ಹಳ್ಳಿಗಳಲ್ಲಿ ವಿಷನ್ ಸೆಂಟರ್ ನಡೆಸುತ್ತಿದೆ.

ನಮ್ಮ ಕರ್ನಾಟಕದ್ದೇ ಉದಾಹರಣೆ ಇನ್ನೂ ಬಿಗಿಯಾದದ್ದು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರು ಮಾಡಿದ ಕಿಡ್‌ರಾಪ್ ಯೋಜನೆ, ದಿನ ತುಂಬದೆ ಹುಟ್ಟಿದ ಕೂಸುಗಳ ಅಕ್ಷಿಪಟಲ ನೋಡುವ ಯೋಜನೆ. ಅಂಥ ಕೂಸಿನ ಕಣ್ಣನ್ನು ತಿಂಗಳು ತುಂಬುವುದರೊಳಗೆ ಪರೀಕ್ಷಿಸಬೇಕು. ರೋಗ ಬಲಿತು ಪಟಲ ಕಳಚಿದರೆ ಕತ್ತಲು ಶಾಶ್ವತ. ಅಕ್ಷಿಪಟಲ ತಜ್ಞರು ಜಿಲ್ಲೆಜಿಲ್ಲೆಗೆ ಎಲ್ಲಿಂದ ಬರಬೇಕು? ವೈದ್ಯರಲ್ಲದ ತಂತ್ರಜ್ಞರಿಗೇ ತರಬೇತಿ ಕೊಟ್ಟರು. ಅವರು ವಾಹನದಲ್ಲಿ ಕ್ಯಾಮರಾ ಹೊತ್ತು ಜಿಲ್ಲಾ ಆಸ್ಪತ್ರೆಗಳ ಕೂಸುಗಳ ಘಟಕಕ್ಕೆ ಹೋಗುತ್ತಾರೆ. ಅಂಗೈ ಅಗಲದ ಮುಖದ ಆ ಪುಟ್ಟ ಕಣ್ಣಿನ ಒಳಗಿನ ಚಿತ್ರ ತೆಗೆದು, ಕೆಂಪು, ಕಿತ್ತಳೆ, ಹಸಿರು ಎಂದು ಅಲ್ಲೇ ವಿಂಗಡಿಸುತ್ತಾರೆ. ಬೆಂಗಳೂರಿನ ತಜ್ಞರು ಚಿತ್ರ ನೋಡಿ, ಯಾವ ಕೂಸಿಗೆ ಲೇಸರ್ ಬೇಕೆಂದು ಹೇಳುತ್ತಾರೆ. ಕಣ್ಣಿನ ಅತಿ ಸೂಕ್ಷ್ಮ ಕೆಲಸಗಳಲ್ಲೊಂದು ಇದು. ಇದನ್ನೇ ಕಲಿಸಲು ಆಗುವುದಾದರೆ, ಜವ್ಹಾರದ ಪಿಯುಸಿ ಪಾಸಾದ ಹುಡುಗಿಗೆ ರೆಟಿನೋಸ್ಕೋಪು ಕಲಿಸಲು ಆಗುವುದಿಲ್ಲವೇ?

ಬಡವರಿಗೆ ಅರೆಬರೆ ಕಲಿತವರು, ಶ್ರೀಮಂತರಿಗೆ ಪದವೀಧರರೇ ಎಂಬ ಆಕ್ಷೇಪ ಬರುತ್ತದೆ. ಗಂಭೀರ ಆಕ್ಷೇಪ ಅದು. ಓದಲು ಕಾಣುವುದಿಲ್ಲವೆಂದು ಬಂದವರಿಗೆ ಚಾಳೀಸು ಕೊಟ್ಟು, ಒಳಗಿನ ಗ್ಲಾಕೋಮಾ ಕಾಣದೆ ಕಳಿಸಿಬಿಟ್ಟರೆ ಆ ಮನುಷ್ಯ ಮತ್ತೆ ಐದು ವರ್ಷ ಬರುವುದಿಲ್ಲ. ಆದ್ದರಿಂದ ಇಂಥವರಿಗೆ ನಾಲ್ಕು ದಿನದ ಕಾರ್ಯಾಗಾರ ಸಾಲದು. 2021ರ ಕಾಯಿದೆ ಸಹಾಯಕ ವೃತ್ತಿಯವರಿಗೂ ಕನಿಷ್ಠ 2000 ಗಂಟೆಗಳ ಕಲಿಕೆ ಕೇಳುತ್ತದೆ. ಅದರಲ್ಲಿ ಒಂದು ಗಂಟೆಯೂ ಕಡಿಮೆಯಾಗಕೂಡದು. ಕಣ್ಣಿನ ಒತ್ತಡ ಅಳೆಯುವುದು, ಚಿತ್ರ ತೆಗೆದು ಕಳಿಸುವುದು, ಅನುಮಾನ ಬಂದರೆ ಯಾರಿಗೆ ಫೋನ್ ಮಾಡಬೇಕೆಂಬುದು ಕೈಗೆ ಹತ್ತಿರಬೇಕು. ಮುಂದೆ ಓದಿ ಪದವಿ ಪಡೆಯುವ ದಾರಿಯೂ ಅವರಿಗೆ ತೆರೆದಿರಬೇಕು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತು ಮೇಲೆ ಬಂದ ಮುಂಬೈ ಕನ್ನಡಿಗರಿಗೆ ಆ ದಾರಿಯ ಬೆಲೆ ವಿವರಿಸಬೇಕಿಲ್ಲ.

ವಿಲೆ ಪಾರ್ಲೆಯಂಥ ಕಡೆಯ ಕಾಲೇಜುಗಳಿಂದ ಕೇಳಬೇಕಾದ್ದು ಹಾಗಾದರೆ ಏನು? ಮೀಸಲು ಸೀಟುಗಳು ಮತ್ತು ಕಲಿಸುವವರು. ಜವ್ಹಾರದ ಪಕ್ಕದ ಮೊಖಾಡದಿಂದ, ಯಾದಗಿರಿಯಿಂದ ಬರುವ ಹುಡುಗಿಯರಿಗೆ ಊಟ, ವಸತಿ ಸಮೇತ ಪ್ರತಿವರ್ಷ ಇಷ್ಟು ಜಾಗ. ಪಾಠ ಅವರಿಗೆ ಅರ್ಥವಾಗುವ ಮರಾಠಿಯಲ್ಲಿ, ಕನ್ನಡದಲ್ಲಿ. ನಾಕಾದ ಕೂಲಿಕಾರರಿಗೆ ಬೆಳಗಿನ ಶಿಬಿರ ಬೇಡವೆನ್ನುವವರು ಯಾರು? ಅದನ್ನು ಇಂಟರ್ನ್‌ಶಿಪ್ಪಿನ ಭಾಗ ಮಾಡಿದರೆ ಸಾಕು, ಬಾಂಡ್ ಬೇಕಿಲ್ಲ. ಕಲಿತು ಊರಿಗೆ ಮರಳಿದವರಿಗೆ ಹುದ್ದೆಯೂ ಬೇಕು. ಕರ್ನಾಟಕದ ‘ಆಶಾಕಿರಣ’ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಕಣ್ಣಿನ ತೊಂದರೆ ಇರುವವರನ್ನು ಪಟ್ಟಿ ಮಾಡಿದರು. ಮೊದಲ ಹಂತದ ಜಿಲ್ಲೆಗಳು ಕಲಬುರಗಿ, ಹಾವೇರಿ, ಚಿಕ್ಕಬಳ್ಳಾಪುರ, ಚಾಮರಾಜನಗರ. ಪಟ್ಟಿ ಮಾಡಿದವರ ಹಿಂದೆಯೇ ಅದೇ ತಾಲೂಕಿನಲ್ಲಿ ಕಾಯಂ ಸಂಬಳದ, ತರಬೇತಿ ಪಡೆದ ಒಬ್ಬಾಕೆ ಕೂತಿರಬೇಕು. ಸರ್ಕಾರ ಮೊದಲು ಆ ಹುದ್ದೆಗೆ ಬಜೆಟ್ಟಿನಲ್ಲಿ ದುಡ್ಡು ಇಡಲಿ. ಹುದ್ದೆ ಇಲ್ಲದ ಊರಿಗೆ ಬಾಂಡ್ ಬರೆಸಿಕೊಂಡು ಯಾರನ್ನು ಕಳಿಸಿದರೂ ಅವರು ಕೂರುವ ಕುರ್ಚಿ ಅಲ್ಲಿ ಇರುವುದಿಲ್ಲ.