ಕಲ್ಲುಗುಡ್ಡದ ಹಳೆಯ ಬಳ್ಳಿ

ಯಾದಗಿರಿಯ ಕೋಟೆ ನಿಂತಿರುವುದು ಕಲ್ಲಿನ ಗುಡ್ಡದ ಮೇಲೆ. ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವುದೂ ಕಲ್ಲುಬೆಟ್ಟಗಳ ಸಾಲೇ. ಸುರಪುರವಂತೂ ಗುಡ್ಡಗಳ ನಡುವೆಯೇ ಬೆಳೆದ ಊರು. ಈ ಬಂಡೆಗಳಲ್ಲಿ ಬಹುಪಾಲು ಗ್ರಾನೈಟ್ ಜಾತಿಯವು. ಇಂಥ ಇಳಿಜಾರನ್ನು ಕಂಡ ರೈತ "ಇಲ್ಲೇನು ಬೆಳೆದೀತು?" ಎಂದು ಎರೆ ಹೊಲದ ಕಡೆ ನಡೆಯುವುದು ಸಹಜ. ಆದರೆ ಫ್ರಾನ್ಸಿನಲ್ಲಿ ಇದೇ ಜಾತಿಯ ಕಲ್ಲಿನ ಮೇಲೆ ಜಗತ್ಪ್ರಸಿದ್ಧವಾದ ಒಂದು ದ್ರಾಕ್ಷಿ ತೋಟವಿದೆ. ಅದರ ಕಥೆಯಲ್ಲಿ ನಮ್ಮ ವಿದ್ಯಾರ್ಥಿಗಳು ಕಲಿಯಬೇಕಾದ ವಿಜ್ಞಾನ ಸಾಕಷ್ಟಿದೆ.

ತೋಟದ ಹೆಸರು ಶಾತೊ ಗ್ರಿಯೆ. ಲಿಯೊನ್ ನಗರದ ದಕ್ಷಿಣಕ್ಕೆ, ರೋನ್ ನದಿಯ ಬಲದಂಡೆಯ ಕಡಿದಾದ ಗುಡ್ಡದಲ್ಲಿದೆ. ವಿಸ್ತೀರ್ಣ ಸುಮಾರು ಮೂರೂವರೆ ಹೆಕ್ಟೇರ್, ಅಂದರೆ ಒಂಬತ್ತು ಎಕರೆಗೂ ತುಸು ಕಡಿಮೆ. ಕಲ್ಲಿನ ಒಡ್ಡು ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಬಳ್ಳಿ ನೆಟ್ಟಿದ್ದಾರೆ. ಟ್ರ್ಯಾಕ್ಟರು ಹತ್ತಲಾರದ ಜಾಗವಾದ್ದರಿಂದ ಕೆಲಸವೆಲ್ಲ ಕೈಯಿಂದಲೇ ಆಗಬೇಕು. ಇಲ್ಲಿ ಬೆಳೆಯುವುದು ವಿಯೊನಿಯೇ ಎಂಬ ಒಂದೇ ತಳಿ. ತಯಾರಾಗುವುದು ಬಿಳಿ ವೈನ್. 1936ರಲ್ಲಿ ಫ್ರೆಂಚ್ ಸರ್ಕಾರ ಈ ತೋಟದ ಹೆಸರನ್ನೇ ಪ್ರತ್ಯೇಕ ಮೂಲನಾಮವಾಗಿ ಮಾನ್ಯ ಮಾಡಿತು. ಬೇರೆಡೆ ಒಂದು ಮೂಲನಾಮದಡಿ ನೂರಾರು ರೈತರಿರುತ್ತಾರೆ. ಇಲ್ಲಿರುವುದು ಒಬ್ಬನೇ ಒಡೆಯ. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಿಂದ 2011ರವರೆಗೆ ಅದು ಒಂದೇ ಮನೆತನದ ಕೈಯಲ್ಲಿತ್ತು. ಆ ವರ್ಷ ಉದ್ಯಮಿ ಫ್ರಾಂಸ್ವಾ ಪಿನೊ ಅವರ ಸಂಸ್ಥೆ ಅದನ್ನು ಕೊಂಡಿತು.

ಒಳ್ಳೆಯ ಮಣ್ಣು, ಬೇಕಾದಷ್ಟು ನೀರು ಇದ್ದರೆ ಒಳ್ಳೆಯ ಬೆಳೆ ಎಂಬುದು ಸಾಮಾನ್ಯ ತಿಳಿವಳಿಕೆ. ದ್ರಾಕ್ಷಿಯ ವಿಷಯದಲ್ಲಿ ಇದು ಪೂರ್ತಿ ನಿಜವಲ್ಲ. ನೀರು, ಗೊಬ್ಬರ ಹೆಚ್ಚಾದರೆ ಬಳ್ಳಿ ಎಲೆ ಮತ್ತು ಕುಡಿಗಳನ್ನೇ ಬೆಳೆಸುತ್ತ ಹೋಗುತ್ತದೆ. ಹಣ್ಣು ದಪ್ಪಗಾಗುತ್ತದೆ, ರಸ ತೆಳ್ಳಗಾಗುತ್ತದೆ. ಗ್ರಾನೈಟ್ ಸವೆದು ಆದ ಗರಸು ಮಣ್ಣಿನಲ್ಲಿ ನೀರು ನಿಲ್ಲದೆ ಇಳಿದುಹೋಗುತ್ತದೆ. ಬೇರು ನೀರನ್ನು ಹುಡುಕಿಕೊಂಡು ಬಂಡೆಯ ಬಿರುಕಿನೊಳಗೆ ಮೀಟರುಗಟ್ಟಲೆ ಇಳಿಯಬೇಕಾಗುತ್ತದೆ. ಇಂಥ ಬಳ್ಳಿ ಬಿಡುವ ಹಣ್ಣು ಕಡಿಮೆ, ಕಾಳು ಸಣ್ಣದು. ಆದರೆ ಸಕ್ಕರೆ ಮತ್ತು ಪರಿಮಳದ ಅಂಶ ಸಾಂದ್ರವಾಗಿರುತ್ತದೆ. ವಿಯೊನಿಯೇ ಹಣ್ಣಿನ ಪರಿಮಳಕ್ಕೆ ಲಿನಲೂಲ್‌ನಂಥ ಟರ್ಪೀನ್ ವರ್ಗದ ರಾಸಾಯನಿಕಗಳು ಕಾರಣ. ಹಲವು ಹೂವುಗಳ ಸುವಾಸನೆಯಲ್ಲೂ ಇದೇ ಲಿನಲೂಲ್ ಇದೆ.

ಹಾಗಾದರೆ ಬಳ್ಳಿಗೆ ವಯಸ್ಸಾದರೆ ಏನು ಲಾಭ? ಎಳೆಯ ಬಳ್ಳಿಯ ಬೇರು ಮೇಲ್ಮಣ್ಣಿನಲ್ಲಿರುತ್ತದೆ. ಹದಿನೈದು ದಿನ ಬಿಸಿಲು ಕಾದರೆ ಅದು ಬಾಡುತ್ತದೆ, ಮಳೆ ಸುರಿದರೆ ಒಮ್ಮೆಲೇ ಚಿಗುರುತ್ತದೆ. ನಲವತ್ತು ಐವತ್ತು ವರ್ಷದ ಬಳ್ಳಿಗೆ ಆಳದ ಬೇರಿದೆ, ದಪ್ಪ ಕಾಂಡದಲ್ಲಿ ಪಿಷ್ಟದ ದಾಸ್ತಾನೂ ಇದೆ. ಬರಗಾಲ, ಅತಿವೃಷ್ಟಿಗಳ ಏರುಪೇರನ್ನು ಅದು ತಡೆದುಕೊಳ್ಳುತ್ತದೆ. ಇಳುವರಿ ತಗ್ಗುವುದಕ್ಕೆ ಇನ್ನೊಂದು ಕಾರಣವೂ ಇದೆ: ಮುದಿ ಕಾಂಡಕ್ಕೆ ಶಿಲೀಂಧ್ರ, ವೈರಸ್ ರೋಗಗಳು ತಗಲುತ್ತವೆ. ಹಳೆಯದೆಲ್ಲ ಶ್ರೇಷ್ಠ ಎಂದು ವಿಜ್ಞಾನಿಗಳು ಒಪ್ಪಿಲ್ಲ. ಮಣ್ಣು, ತಳಿ, ಆರೈಕೆ ಮೂರೂ ಕೂಡಿದಾಗ ಮಾತ್ರ ವಯಸ್ಸಿನ ಗುಣ ಹಣ್ಣಿನಲ್ಲಿ ಕಾಣುತ್ತದೆ.

ಕೊಯ್ದ ಹಣ್ಣನ್ನು ಕೂಡಲೇ ಹಿಂಡಿ, ಸಿಪ್ಪೆ ಬೇರ್ಪಡಿಸಿ, ರಸವನ್ನು ತಂಪಿನಲ್ಲಿ ಹುದುಗಿಸಿದರೆ ಬಿಳಿ ವೈನ್ ಆಗುತ್ತದೆ. ಒಂದು ಗ್ಲೂಕೋಸ್ ಅಣುವನ್ನು ಯೀಸ್ಟ್ ಎರಡು ಆಲ್ಕೊಹಾಲ್ ಅಣುಗಳಾಗಿ, ಎರಡು ಇಂಗಾಲದ ಡೈಆಕ್ಸೈಡ್ ಅಣುಗಳಾಗಿ ಒಡೆಯುತ್ತದೆ. ಈ ಕೆಲಸ ಜೀವಿಯದು ಎಂದು 1850ರ ದಶಕದಲ್ಲಿ ತೋರಿಸಿಕೊಟ್ಟವನು ಲೂಯಿ ಪಾಶ್ಚರ್. ಮದ್ಯದ ಕೆಡುಕನ್ನು ಬಲ್ಲ ತಂದೆತಾಯಿಗಳು ಇದನ್ನು ಓದಿ ಹುಬ್ಬೇರಿಸಬೇಕಿಲ್ಲ. ಲೋಟದಲ್ಲಿರುವುದನ್ನು ಕುಡಿಯದೆಯೂ ಅದರ ಹಿಂದಿನ ಜೀವಶಾಸ್ತ್ರವನ್ನು ಕಲಿಯಬಹುದು.

ಕಥೆಯ ಮುಖ್ಯ ಭಾಗ ಮುಂದಿದೆ. ವಿಯೊನಿಯೇ ಬೆಳೆಯುವುದು ಕಷ್ಟ. ಇಳುವರಿ ಕಡಿಮೆ, ವರ್ಷದಿಂದ ವರ್ಷಕ್ಕೆ ಏರುಪೇರು, ಬೂದಿರೋಗದ ಕಾಟ ಬೇರೆ. ಮೊದಲ ಮಹಾಯುದ್ಧದಲ್ಲಿ ದುಡಿಯುವ ಗಂಡಸರು ಸತ್ತರು. ಕಡಿದಾದ ಗುಡ್ಡದ ತೋಟಗಳು ಹಾಳುಬಿದ್ದವು. 1968ರ ಲೆಕ್ಕದಂತೆ ಇಡೀ ಫ್ರಾನ್ಸಿನಲ್ಲಿ ಈ ತಳಿ ಉಳಿದಿದ್ದು ಸುಮಾರು 14 ಹೆಕ್ಟೇರಿನಲ್ಲಿ ಮಾತ್ರ. ಅದರಲ್ಲಿ ಶಾತೊ ಗ್ರಿಯೆಯ ಪಾಲೂ ಇತ್ತು. ವಾಟೆ ನೆಟ್ಟು ಬೆಳೆಸಿದ ಮಾವು ತಾಯಿಮರದ ಹಣ್ಣನ್ನೇ ಕೊಡುವ ಭರವಸೆಯಿಲ್ಲ, ದ್ರಾಕ್ಷಿಯೂ ಹಾಗೆಯೇ. ಆದ್ದರಿಂದ ತಳಿ ಉಳಿಯಬೇಕಾದರೆ ಬಳ್ಳಿ ಜೀವಂತವಾಗಿರಬೇಕು, ಅದರ ಕಡ್ಡಿಯಿಂದಲೇ ಹೊಸ ಗಿಡ ಆಗಬೇಕು. ಆ ಕೆಲವೇ ಎಕರೆಗಳ ಒಡೆಯರು ಲಾಭವಿಲ್ಲವೆಂದು ಬಳ್ಳಿ ಕಿತ್ತಿದ್ದರೆ, ತಳಿಯೇ ಜಗತ್ತಿನಿಂದ ಹೋಗುತ್ತಿತ್ತು.

ಅವರು ಕೀಳಲಿಲ್ಲ. ಇಂದು ವಿಯೊನಿಯೇ ಹಲವು ದೇಶಗಳಲ್ಲಿ ಸಾವಿರಾರು ಹೆಕ್ಟೇರಿನಲ್ಲಿದೆ, ಕರ್ನಾಟಕಕ್ಕೂ ಬಂದಿದೆ. ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ 1988ರಲ್ಲಿ ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಲ್ಲಿ ಫ್ರೆಂಚ್ ತಳಿಗಳ ತೋಟ ಹಾಕಿದರು. ಮುಂದೆ ಅಲ್ಲಿ ವಿಯೊನಿಯೇ ಹಣ್ಣಿನ ಬಿಳಿ ವೈನ್ ಕೂಡ ತಯಾರಾಯಿತು. ನಂದಿಬೆಟ್ಟವೂ ಗ್ರಾನೈಟ್ ಜಾತಿಯ ಕಲ್ಲೇ ಎಂಬುದು ಗಮನಾರ್ಹ.

ಆದರೆ ನಮ್ಮಲ್ಲಿ ಬಳ್ಳಿ ಮುದಿಯಾಗುವುದು ಕಷ್ಟ. ಫ್ರಾನ್ಸಿನ ಚಳಿಯಲ್ಲಿ ಬಳ್ಳಿ ಎಲೆ ಉದುರಿಸಿ ತಿಂಗಳುಗಟ್ಟಲೆ ನಿದ್ರಿಸುತ್ತದೆ. ಇಲ್ಲಿ ಆ ಚಳಿಯಿಲ್ಲ. ನೆರೆಯ ವಿಜಯಪುರದ ಬೆಳೆಗಾರರು ಏಪ್ರಿಲ್ ಸುಮಾರಿಗೆ ಒಮ್ಮೆ, ಅಕ್ಟೋಬರ್ ಸುಮಾರಿಗೆ ಒಮ್ಮೆ ಚಾಟ್ನಿ ಮಾಡುತ್ತಾರೆ, ಅಂದರೆ ಬಳ್ಳಿ ಸವರುತ್ತಾರೆ. ಮೊದಲನೆಯದು ಕಡ್ಡಿ ಬಲಿಯಲು, ಎರಡನೆಯದು ಹಣ್ಣಿಗಾಗಿ. ವಿಶ್ರಾಂತಿಯಿಲ್ಲದ ಬಳ್ಳಿ ಬೇಗ ದಣಿಯುತ್ತದೆ. ಅಲ್ಲಿಯ ಶತಾಯುಷ್ಯ ಇಲ್ಲಿ ಅಪರೂಪ. ಸವಳು ಮತ್ತು ಬರ ತಡೆಯಲೆಂದು ನಮ್ಮ ರೈತರು ಡಾಗ್‌ರಿಡ್ಜ್ ಎಂಬ ಅಮೆರಿಕದ ಬೇರುಗಿಡದ ಮೇಲೆ ಕಸಿ ಕಟ್ಟುತ್ತಾರೆ.

ಸವಳು ಎಂಬ ಮಾತು ಶಹಾಪುರ, ಸುರಪುರದವರಿಗೆ ಹೊಸದಲ್ಲ. ನಾರಾಯಣಪುರದ ಬಸವಸಾಗರದ ನೀರು ಕಾಲುವೆಯಲ್ಲಿ ಹರಿದು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಮನೆಗಳಿಗೆ ಅನುಕೂಲವೂ ಆಯಿತು. ನೀರು ಮಿತಿಮೀರಿದ ಕಡೆ ಎರೆ ಭೂಮಿ ಜವಳಾಗಿ, ಮೇಲೆ ಬಿಳಿ ಉಪ್ಪು ಕಾಣಿಸಿತು. ನೀರಿನ ಕೊರತೆಯಂತೆ ಅದರ ಅತಿಯೂ ಬೆಳೆಗೆ ಶತ್ರು ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ.

ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು. ಕಾಲುವೆ ಬರುವ ಮುಂಚೆ ಹೊಲದಲ್ಲಿ ಯಾವ ಯಾವ ಜೋಳ, ತೊಗರಿ, ಹತ್ತಿ ಬಿತ್ತುತ್ತಿದ್ದರು, ಅವುಗಳ ಹೆಸರೇನು, ಬೀಜ ಈಗ ಯಾರ ಮನೆಯಲ್ಲಿದೆ ಎಂದು ಕೇಳಿ ಬರೆದಿಡಬೇಕು. ಬೀಜ ಸಿಕ್ಕರೆ ಒಂದು ಸಾಲಾದರೂ ಬಿತ್ತಬೇಕು.